ಕಿಂಡರ್ ಬೆಟ್ಟದ ಕಾಲುದಾರಿ

ಇಂಗ್ಲೆಂಡಿನ ಉತ್ತರಭಾಗದಲ್ಲಿ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ದೊಡ್ಡ ನಗರಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲನೆಯದು ಹತ್ತಿಬಟ್ಟೆಗೂ ಎರಡನೆಯದು ಉಕ್ಕಿಗೂ ಲೋಕಪ್ರಸಿದ್ಧವಾಗಿದ್ದವು. ಮ್ಯಾಂಚೆಸ್ಟರಿನ ಸುತ್ತಮುತ್ತ ನೂರಾರು ನೂಲಿನ ಗಿರಣಿಗಳು ಹಗಲಿರುಳು ಕೆಲಸ ಮಾಡುತ್ತಿದ್ದವು. ಅವುಗಳಿಗೆ ಬೇಕಾದ ಹತ್ತಿಯ ಬಹುಭಾಗ ಅಮೆರಿಕದಿಂದ ಬರುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಗಿ ಆ ಹತ್ತಿ ನಿಂತುಹೋದಾಗ ಗಿರಣಿಗಳ ಒಡೆಯರ ಕಣ್ಣು ನಮ್ಮ ಧಾರವಾಡದ ಕಪ್ಪುಮಣ್ಣಿನ ಹೊಲಗಳ ಮೇಲೂ ಬಿದ್ದಿತು. ಈ ಹತ್ತಿಯನ್ನು ಹಡಗಿಗೇರಿಸಲು ಕಾರವಾರವನ್ನು ಒಳ್ಳೆಯ ಬಂದರನ್ನಾಗಿ ಮಾಡಬೇಕೆಂದು ಅವರು ಒತ್ತಾಯಪಡಿಸಿದರು. ಹೀಗೆ ಕನ್ನಡನಾಡಿನ ರೈತನ ಬೆವರಿಗೂ ಆ ದೂರದ ನಗರದ ಹೊಗೆಗೂ ಒಂದು ನಂಟು ಇದ್ದಿತು.

ಹೊಗೆಯೆಂದರೆ ಸಾಮಾನ್ಯವಾದ ಹೊಗೆಯಲ್ಲ. ಸಾವಿರಾರು ಚಿಮಣಿಗಳು ಉಗುಳುತ್ತಿದ್ದ ಕಲ್ಲಿದ್ದಲ ಮಸಿಯಿಂದ ಮನೆಗಳ ಗೋಡೆಗಳು ಕಪ್ಪಾಗಿದ್ದವು. ಒಣಗಲು ಹಾಕಿದ ಬಟ್ಟೆ ಸಂಜೆಯ ವೇಳೆಗೆ ಮಾಸುತ್ತಿತ್ತು. ಗಿರಣಿಯ ಒಳಗೆ ಯಂತ್ರಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ನೂಲು ಕಡಿಯದಿರಲೆಂದು ಒಳಗಿನ ಗಾಳಿಯನ್ನು ಬಿಸಿಯಾಗಿಯೂ ತೇವವಾಗಿಯೂ ಇಡುತ್ತಿದ್ದರು. ಉಸಿರೆಳೆದರೆ ಹತ್ತಿಯ ಧೂಳು. ಇಂತಹ ಜಾಗದಲ್ಲಿ ವಾರವೆಲ್ಲ ನಿಂತೇ ದುಡಿಯುವ ಹೆಂಗಸರು, ಗಂಡಸರು, ಮಕ್ಕಳು ಬಯಲಿನ ಗಾಳಿಗಾಗಿ ಹಂಬಲಿಸಿದುದರಲ್ಲಿ ಆಶ್ಚರ್ಯವಿಲ್ಲ. 1850ರ ಕಾರ್ಖಾನೆ ಕಾನೂನು ಬಟ್ಟೆಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಿಸಬೇಕೆಂದು ವಿಧಿಸಿತು. ಭಾನುವಾರವಂತೂ ರಜೆಯೇ. ವಾರದಲ್ಲಿ ಒಂದೂವರೆ ದಿನದ ಬಿಡುವು ದೊರೆತಂತಾಯಿತು.

ಬಿಡುವು ದೊರೆತರೆ ಸಾಲದು. ನಗರದಿಂದ ಹೊರಗೆ ಹೋಗುವ ಬಗೆಯೂ ಇರಬೇಕು. ಅದನ್ನು ಒದಗಿಸಿದುದು ರೈಲು. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಗರಗಳ ನಡುವೆ 1830ರಲ್ಲಿ ಉಗಿಬಂಡಿ ಓಡತೊಡಗಿತು. 1844ರ ಕಾನೂನು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚಿಲ್ಲದ ದರದಲ್ಲಿ ಮೂರನೆಯ ದರ್ಜೆಯವರನ್ನು ಕರೆದೊಯ್ಯುವ ಗಾಡಿಯೊಂದನ್ನಾದರೂ ದಿನವೂ ಓಡಿಸಬೇಕೆಂದು ರೈಲು ಕಂಪನಿಗಳಿಗೆ ಕಟ್ಟಳೆ ಮಾಡಿತು. ಸಾರೋಟುಗಳಲ್ಲಿ ಕುಳಿತು ಹಳ್ಳಿಗಾಡಿಗೆ ಹೋಗುವ ಸುಖ ಅದುವರೆಗೆ ಸಿರಿವಂತರ ಸೊತ್ತಾಗಿತ್ತು. ಈಗ ಗಿರಣಿಯ ಹುಡುಗನೂ ಬುತ್ತಿಯ ಗಂಟನ್ನು ಹೆಗಲಿಗೇರಿಸಿ, ಬೆಳಗ್ಗೆ ಹೊರಟು ಇರುಳಿನೊಳಗೆ ಮನೆ ಸೇರಬಹುದಾಯಿತು.

ಈ ಎರಡು ನಗರಗಳ ನಡುವೆ ಪೆನೈನ್ ಎಂಬ ಬೆಟ್ಟಸಾಲು ಹಬ್ಬಿದೆ. 1894ರಲ್ಲಿ ಅದರ ಅಡಿಯಲ್ಲಿ ಸುರಂಗಗಳನ್ನು ಕೊರೆದು ಹಾಕಿದ ರೈಲುಮಾರ್ಗ ಇಂದಿಗೂ ಬಳಕೆಯಲ್ಲಿದೆ. ಶೆಫೀಲ್ಡಿನ ಕಡೆಯಿಂದ ಬರುವ ಗಾಡಿ ಟಾಟ್ಲಿ ಎಂಬ ಸುರಂಗವನ್ನು ಹೊಗುತ್ತದೆ. ಅದರ ಉದ್ದ ಸುಮಾರು 5.7 ಕಿಲೋಮೀಟರ್. ಮ್ಯಾಂಚೆಸ್ಟರಿನ ಕಡೆಯಿಂದ ಬರುವ ಗಾಡಿಗೆ ಕೌಬರ್ನ್ ಎಂಬ ಸುಮಾರು 3.4 ಕಿಲೋಮೀಟರ್ ಉದ್ದದ ಸುರಂಗ ಎದುರಾಗುತ್ತದೆ. ಊರಿನ ಹಿಂಬದಿಯ ಗೋಡೆಗಳು, ಉಗ್ರಾಣಗಳು, ಇಟ್ಟಿಗೆಯ ಮನೆಗಳ ಸಾಲು ಒಂದೊಂದಾಗಿ ಹಿಂದೆ ಸರಿಯುತ್ತವೆ, ಆಮೇಲೆ ಕಗ್ಗತ್ತಲೆ, ಗಾಜಿನಲ್ಲಿ ಪ್ರಯಾಣಿಕನಿಗೆ ತನ್ನ ಮುಖವೇ ಕಾಣುತ್ತದೆ. ಮರುಕ್ಷಣ ತೆರೆ ಸರಿಸಿದಂತೆ ಹಸಿರು ಕಣಿವೆ, ಅದರ ಇಳಿಜಾರಿನಲ್ಲಿ ಬಿಳಿಯ ಚುಕ್ಕೆಗಳಂತೆ ಮೇಯುವ ಕುರಿಗಳು, ಮೇಲೆ ಕಪ್ಪುನೀಲಿಯ ಬೆಟ್ಟದಂಚು. ಗಾಡಿ ಈಡೇಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ನಿಲ್ಲುತ್ತದೆ. ಮ್ಯಾಂಚೆಸ್ಟರಿನಿಂದ ಇಲ್ಲಿಗೆ ಮುಕ್ಕಾಲು ಗಂಟೆಯ ಪ್ರಯಾಣ; ಶೆಫೀಲ್ಡಿನಿಂದ ಇನ್ನೂ ಕಡಿಮೆ.

ನಿಲ್ದಾಣದಿಂದ ಹೊರಟ ಕಾಲುದಾರಿ ಹುಲ್ಲುಗಾವಲುಗಳ ನಡುವೆ ಸಾಗುತ್ತದೆ. ಹೊಲಗಳ ಎಲ್ಲೆಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳಿವೆ. ದಾರಿಗೆ ಗೋಡೆ ಅಡ್ಡಬಂದೆಡೆ ದನಕುರಿಗಳು ದಾಟದಂತೆ, ಮನುಷ್ಯರು ಮಾತ್ರ ಹತ್ತಿ ಇಳಿಯುವಂತೆ ಮೆಟ್ಟಿಲುಗಳನ್ನು ಇರಿಸಿರುತ್ತಾರೆ. ಮಲೆನಾಡಿನ ಗದ್ದೆ ತೋಟಗಳ ಬೇಲಿಯಲ್ಲಿರುವ ತಡಬೆಯನ್ನು ಕಂಡವರಿಗೆ ಇದು ಹೊಸದೆನಿಸದು. ಹೊಲ ಒಬ್ಬನದು, ದಾರಿ ಎಲ್ಲರದು ಎಂಬ ಏರ್ಪಾಡು ಆ ಮೂರು ಮೆಟ್ಟಿಲುಗಳಲ್ಲಿದೆ. ಇಂತಹ ಕಾಲುದಾರಿ ಮೊದಲಾದ ಸಾರ್ವಜನಿಕ ಹಾದಿಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಒಟ್ಟು ಸುಮಾರು 2,25,000 ಕಿಲೋಮೀಟರಿನಷ್ಟಿವೆ. ಚರ್ಚಿಗೆ, ಸಂತೆಗೆ, ಗಿರಣಿಗೆ ಜನ ತಲೆತಲಾಂತರದಿಂದ ನಡೆದು ಸವೆಸಿದ ಹಾದಿಗಳೇ ಅವುಗಳಲ್ಲಿ ಹೆಚ್ಚಿನವು.

ಕಣಿವೆಯ ತುದಿಯಲ್ಲಿ ಏರು ಮೊದಲಾಗುತ್ತದೆ. ಅಲ್ಲಿ ‘ಜೇಕಬನ ಏಣಿ’ ಎಂಬ ಕಡಿದಾದ ಸೋಪಾನವಿದೆ. ಹದಿನೆಂಟನೆಯ ಶತಮಾನದಲ್ಲಿ ಜೇಕಬ್ ಮಾರ್ಷಲ್ ಎಂಬ ರೈತನು, ತನ್ನ ಹೇರುಕುದುರೆ ಸುತ್ತುದಾರಿಯಲ್ಲಿ ಬಳಸಿ ಬರುವಷ್ಟರಲ್ಲಿ ತಾನು ನೇರವಾಗಿ ಹತ್ತಿ ಮೇಲೆ ಕುಳಿತು ವಿಶ್ರಮಿಸಲೆಂದು ಈ ಮೆಟ್ಟಿಲುಗಳನ್ನು ಕಡಿದನೆಂದು ಹೇಳುತ್ತಾರೆ. ಅದನ್ನು ಹತ್ತಿ ಮುಂದೆ ನಡೆದರೆ ಕಿಂಡರ್ ಸ್ಕೌಟ್ ಬೆಟ್ಟದ ನೆತ್ತಿ.

ಕಿಂಡರ್ ಎತ್ತರದಲ್ಲಿ ಹೇಳಿಕೊಳ್ಳುವಂತಹ ಬೆಟ್ಟವಲ್ಲ. ಸಮುದ್ರಮಟ್ಟದಿಂದ ಅದರ ಎತ್ತರ 636 ಮೀಟರ್. ನಮ್ಮ ನಂದಿಬೆಟ್ಟದ ಅರ್ಧದಷ್ಟೂ ಇಲ್ಲ. ಆದರೂ ಅದನ್ನು ಹಗುರವಾಗಿ ಕಾಣುವಂತಿಲ್ಲ. ಅದರ ತಲೆ ಶಿಖರದಂತೆ ಚೂಪಾಗಿರದೆ ಮೈಲಿಗಟ್ಟಲೆ ಹರಡಿದ ಬಯಲಾಗಿದೆ. ಗುರುತಿಗೆ ಒಂದು ಮರವೂ ಕಾಣದು. ಪಡುವಣ ಸಮುದ್ರದಿಂದ ಬೀಸುವ ಗಾಳಿ ಕ್ಷಣಾರ್ಧದಲ್ಲಿ ಮಂಜನ್ನು ತಂದು ಮುಸುಕುತ್ತದೆ; ಆಗ ನಕ್ಷೆ ಮತ್ತು ದಿಕ್ಸೂಚಿಗಳಿಲ್ಲದವನು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಬೇಸಗೆಯಲ್ಲಿಯೂ ಉಣ್ಣೆಯ ಅಂಗಿ, ಮಳೆಯಂಗಿ, ಗಟ್ಟಿಯಾದ ಪಾದರಕ್ಷೆಗಳಿಲ್ಲದೆ ತಿಳಿದವರು ಅಲ್ಲಿಗೆ ಹೋಗುವುದಿಲ್ಲ. ಬೆಟ್ಟದ ಪಶ್ಚಿಮದ ಅಂಚಿನಲ್ಲಿ ಸುಮಾರು 30 ಮೀಟರ್ ಎತ್ತರದ ಜಲಪಾತವೊಂದಿದೆ. ಗಾಳಿ ಎದುರಿನಿಂದ ರಭಸವಾಗಿ ಬೀಸಿದಾಗ ಕೆಳಗೆ ಬೀಳಬೇಕಾದ ನೀರು ತುಂತುರಾಗಿ ಮೇಲಕ್ಕೇ ಹಾರುತ್ತದೆ. ಆಕಾಶ ಶುಭ್ರವಾಗಿದ್ದ ದಿನ ಆ ಅಂಚಿನಲ್ಲಿ ನಿಂತರೆ ದೂರದಲ್ಲಿ ಮ್ಯಾಂಚೆಸ್ಟರಿನ ಎತ್ತರದ ಕಟ್ಟಡಗಳು ಕಾಣುತ್ತವೆ.

ಬೆಟ್ಟದ ನೆತ್ತಿಯ ನೆಲವೂ ವಿಶೇಷವಾದುದು. ಅದು ‘ಪೀಟ್’ ಎಂಬ ಕಪ್ಪು ಜವುಗುಮಣ್ಣು. ಸದಾ ನೀರು ನಿಂತ ನೆಲದಲ್ಲಿ ಬೆಳೆದ ಪಾಚಿ ಪೂರ್ತಿಯಾಗಿ ಕೊಳೆಯದೆ, ಪದರದ ಮೇಲೆ ಪದರವಾಗಿ ಕೂಡಿ ಇದು ಉಂಟಾಗುತ್ತದೆ. ಒಂದು ಮೀಟರ್ ದಪ್ಪ ಸೇರಲು ಸುಮಾರು ಸಾವಿರ ವರ್ಷ ಬೇಕು. ಮಳೆನೀರನ್ನು ಸ್ಪಂಜಿನಂತೆ ಹೀರಿಕೊಂಡು ಮೆಲ್ಲಮೆಲ್ಲನೆ ಹಳ್ಳಗಳಿಗೆ ಬಿಡುವ ಈ ಪಾಚಿಯನ್ನು ಕೊಂದುದು ಬೇರೆ ಯಾವುದೂ ಅಲ್ಲ, ಸುತ್ತಲ ಕೈಗಾರಿಕಾ ನಗರಗಳ ಹೊಗೆ. ಗಂಧಕದ ಅಂಶವುಳ್ಳ ಮಸಿ ಗಾಳಿಯಲ್ಲಿ ಬಂದು ಮಳೆಯೊಡನೆ ಇಲ್ಲಿ ಇಳಿಯಿತು. ಯಾವ ಹೊಗೆಯಿಂದ ತಪ್ಪಿಸಿಕೊಳ್ಳಲು ಜನರು ರೈಲು ಹತ್ತಿದರೋ ಆ ಹೊಗೆ ಅವರಿಗಿಂತ ಮೊದಲೇ ಬೆಟ್ಟವನ್ನು ಹತ್ತಿದ್ದಿತು.

ಬೆಟ್ಟಕ್ಕೆ ಹೊಗೆ ಬರಬಹುದಿತ್ತು, ಜನ ಬರುವಂತಿರಲಿಲ್ಲ. ಹಿಂದೆ ಇಂಗ್ಲೆಂಡಿನ ಇಂತಹ ಬೆಟ್ಟಬಯಲುಗಳಲ್ಲಿ ಸುತ್ತಲ ಹಳ್ಳಿಗರು ಕುರಿ ಮೇಯಿಸುತ್ತಿದ್ದರು, ಉರುವಲಿಗೆ ಪೀಟ್ ಕಡಿಯುತ್ತಿದ್ದರು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಸಾವಿರಾರು ಕಾನೂನುಗಳನ್ನು ಮಾಡಿ ಇಂತಹ ಗೋಮಾಳಗಳನ್ನು ಭೂಮಾಲೀಕರಿಗೆ ಹಂಚಿತು. ಕಿಂಡರ್ ಬೆಟ್ಟದ ಸರದಿ ಬಂದುದು 1830ರ ದಶಕದಲ್ಲಿ. ಮಾಲೀಕರಿಗೆ ಅದರಿಂದ ಒದಗಿದ ಮುಖ್ಯ ಪ್ರಯೋಜನ ಬೇಟೆ. ಹೆದರ್ ಎಂಬ ಕುರುಚಲು ಗಿಡದ ನಡುವೆ ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿ ಗೂಡು ಕಟ್ಟುತ್ತದೆ. ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಅದನ್ನು ಗುಂಡಿಕ್ಕಿ ಕೊಲ್ಲುವ ಕಾಲ. ಹಾಗೆ ನೋಡಿದರೆ ಅದರಲ್ಲಿ ನಿಜವಾಗಿ ಬೇಟೆ ನಡೆಯುತ್ತಿದ್ದುದು ಕೆಲವೇ ದಿನ. ಆ ಕೆಲವು ದಿನಗಳ ವಿನೋದಕ್ಕಾಗಿ ಬೆಟ್ಟವನ್ನು ವರ್ಷವಿಡೀ ಮುಚ್ಚಿಡಲಾಗುತ್ತಿತ್ತು. ಕೈಯಲ್ಲಿ ದೊಣ್ಣೆ ಹಿಡಿದ ಕಾವಲುಗಾರರು ತಿರುಗುತ್ತಿದ್ದರು. ಗೂಡಿನಲ್ಲಿರುವ ಹಕ್ಕಿಗಳಿಗೆ ತೊಂದರೆಯಾಗುತ್ತದೆ, ಒಣಹುಲ್ಲಿಗೆ ಬೆಂಕಿ ಬೀಳುತ್ತದೆ ಎಂಬುದು ಮಾಲೀಕರ ವಾದ. ಅದು ಪೂರ್ಣ ಸುಳ್ಳೆನ್ನಲಾಗದು. ಆದರೆ ಅದೇ ಹಕ್ಕಿಗಳನ್ನು ಅದೇ ಮಾಲೀಕರು ಶರತ್ಕಾಲದಲ್ಲಿ ನೂರಾರು ಸಂಖ್ಯೆಯಲ್ಲಿ ಹೊಡೆದುರುಳಿಸುತ್ತಿದ್ದರೆಂಬುದನ್ನೂ ಮರೆಯುವಂತಿಲ್ಲ.

‘ಅತಿಕ್ರಮವಾಗಿ ಪ್ರವೇಶಿಸುವವರನ್ನು ಶಿಕ್ಷೆಗೆ ಗುರಿಪಡಿಸಲಾಗುವುದು’ ಎಂಬ ಹಲಗೆಗಳು ಎಲ್ಲೆಲ್ಲಿಯೂ ತೂಗುತ್ತಿದ್ದವು. ವಾಸ್ತವವಾಗಿ ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಪರರ ಭೂಮಿಯಲ್ಲಿ ಸುಮ್ಮನೆ ನಡೆದುಹೋಗುವುದು ಅಪರಾಧವಾಗಿರಲಿಲ್ಲ. ಮಾಲೀಕನು ಬೇಕೆಂದರೆ ನಷ್ಟಪರಿಹಾರಕ್ಕಾಗಿ ದಾವೆ ಹೂಡಬಹುದಿತ್ತು, ಅಷ್ಟೇ. ಆದುದರಿಂದ ತಿಳಿದವರು ಆ ಹಲಗೆಗಳನ್ನು ‘ಮರದ ಸುಳ್ಳುಗಳು’ ಎಂದು ಹಾಸ್ಯ ಮಾಡುತ್ತಿದ್ದರು.

ಮುಚ್ಚಿದ ಬೆಟ್ಟವನ್ನು ತೆರೆಸುವ ಯತ್ನಗಳು ಬಹುಕಾಲ ನಡೆದವು. ಜೇಮ್ಸ್ ಬ್ರೈಸ್ ಎಂಬ ಪಾರ್ಲಿಮೆಂಟ್ ಸದಸ್ಯನು 1884ರಲ್ಲಿ, ಬೆಟ್ಟಗಳಲ್ಲಿ ನಡೆದಾಡುವ ಹಕ್ಕನ್ನು ಜನರಿಗೆ ಕೊಡುವ ಮಸೂದೆಯನ್ನು ಮಂಡಿಸಿದನು. ಅದು ಅಂಗೀಕಾರವಾಗಲಿಲ್ಲ, ಆಮೇಲೆ ಬಂದ ಮಸೂದೆಗಳ ಗತಿಯೂ ಅದೇ ಆಯಿತು. 1897ರಲ್ಲಿ ಕಾಲುದಾರಿಗಳ ರಕ್ಷಣೆಗಾಗಿ ಹೋರಾಡುತ್ತಿದ್ದ ಸಂಘವೊಂದರ ಶ್ರಮದಿಂದ, ಹೇಫೀಲ್ಡ್ ಎಂಬ ಹಳ್ಳಿಯಿಂದ ವಿಲಿಯಂ ಕ್ಲಫ್ ಎಂಬ ಕೊರಕಲಿನ ಮೂಲಕ ಬೆಟ್ಟದ ಮಗ್ಗುಲನ್ನು ದಾಟುವ ಒಂದು ದಾರಿ ಮಾತ್ರ ತೆರೆಯಿತು. 1900ರ ಸೆಪ್ಟೆಂಬರಿನಲ್ಲಿ ಜಿ.ಎಚ್.ಬಿ. ವಾರ್ಡ್ ಎಂಬ ಶೆಫೀಲ್ಡಿನ ಕಾರ್ಮಿಕನು ಹದಿಮೂರು ಮಂದಿ ಸಂಗಡಿಗರೊಡನೆ ರೈಲಿನಲ್ಲಿ ಈಡೇಲಿಗೆ ಬಂದು ಕಿಂಡರನ್ನು ಸುತ್ತುವರಿದು ನಡೆದನು. ಅವರಲ್ಲಿ ಮೂವರು ಮಹಿಳೆಯರು. ದುಡಿಯುವ ಜನ ತಾವೇ ಕಟ್ಟಿಕೊಂಡ ಪಾದವಿಹಾರ ಸಂಘಗಳಲ್ಲಿ ಅದು ಮೊದಲಿನವುಗಳ ಸಾಲಿಗೆ ಸೇರುತ್ತದೆ.

1930ರ ಸುಮಾರಿಗೆ ಲೋಕದಾದ್ಯಂತ ಆರ್ಥಿಕ ಮುಗ್ಗಟ್ಟು ತಲೆದೋರಿತು. ಗಿರಣಿಗಳು ಮುಚ್ಚಿದವು. ಕೆಲಸವಿಲ್ಲದ ಯುವಕರಿಗೆ ಬಿಡುವು ಬೇಕಾದಷ್ಟಿತ್ತು, ಕೈಯಲ್ಲಿ ಕಾಸಿರಲಿಲ್ಲ; ಖರ್ಚಿಲ್ಲದ ವಿನೋದವೆಂದರೆ ನಡಿಗೆಯೊಂದೇ. ಭಾನುವಾರ ಬೆಳಗ್ಗೆ ಮ್ಯಾಂಚೆಸ್ಟರಿನ ನಿಲ್ದಾಣಗಳು ಪಾದವಿಹಾರಿಗಳಿಂದ ಕಿಕ್ಕಿರಿಯುತ್ತಿದ್ದವು. ಇಷ್ಟು ಜನಕ್ಕೆ ಬೆಟ್ಟದಲ್ಲಿ ಬಿಡಿಯಾದ ಕೆಲವು ಇಕ್ಕಟ್ಟಿನ ದಾರಿಗಳು. ದಾರಿಯಿಂದ ಹೆಜ್ಜೆ ತಪ್ಪಿದರೆ ಕಾವಲುಗಾರನ ದೊಣ್ಣೆ.

1932ರ ವಸಂತಕಾಲದಲ್ಲಿ ಕಾರ್ಮಿಕ ಯುವಕರ ಕ್ರೀಡಾಸಂಘವೊಂದರ ತಂಡವನ್ನು ಕಾವಲುಗಾರರು ಬೆಟ್ಟದಿಂದ ಗದರಿಸಿ ಹಿಂದಕ್ಕೆ ಕಳುಹಿಸಿದರು. ನಾಲ್ಕಾರು ಮಂದಿ ಹೋದುದರಿಂದ ಹೀಗಾಯಿತು, ನಾಲ್ಕಾರು ನೂರು ಮಂದಿ ಹೋದರೆ ಏನು ಮಾಡುವರು ಎಂದು ಆ ಯುವಕರು ಯೋಚಿಸಿದರು. ಏಪ್ರಿಲ್ 24ರ ಭಾನುವಾರ ಎಲ್ಲರೂ ಹೇಫೀಲ್ಡಿನಲ್ಲಿ ಕೂಡಬೇಕೆಂದು ಬಹಿರಂಗವಾಗಿಯೇ ಸಾರಿದರು. ಅವರ ಮುಂದಾಳು ಬೆನ್ನಿ ರಾತ್‌ಮನ್, ವಯಸ್ಸು ಇಪ್ಪತ್ತು. ರೈಲಿನಲ್ಲಿ ಹೋದರೆ ನಿಲ್ದಾಣದಲ್ಲಿಯೇ ತನ್ನನ್ನು ತಡೆಯಬಹುದೆಂಬ ಶಂಕೆಯಿಂದ ಅವನು ಬೈಸಿಕಲ್ಲಿನಲ್ಲಿ ಹೊರಟನು. ಊರಿನ ಆಟದ ಬಯಲಿನಲ್ಲಿ ಸಭೆ ನಡೆಸಲು ನಿಷೇಧವಿದ್ದುದರಿಂದ ಸುಮಾರು ನಾನೂರು ಮಂದಿ ಹತ್ತಿರದ ಹಳೆಯ ಕಲ್ಲುಗಣಿಯೊಂದರಲ್ಲಿ ನೆರೆದರು. ರಾತ್‌ಮನ್ ಬಂಡೆಯೊಂದರ ಮೇಲೆ ನಿಂತು ಮಾತನಾಡಿದನು. ಬಳಿಕ ಹಾಡುತ್ತಾ ವಿಲಿಯಂ ಕ್ಲಫ್ ಕೊರಕಲನ್ನು ಏರಿದರು. ಒಂದೆಡೆ, ಸಂಜ್ಞೆ ದೊರೆತೊಡನೆ, ದಾರಿಯನ್ನು ಬಿಟ್ಟು ನೇರವಾಗಿ ಬೆಟ್ಟದ ಮಗ್ಗುಲನ್ನು ಹತ್ತತೊಡಗಿದರು. ಕೆಲವು ಕಾವಲುಗಾರರು ಅಡ್ಡಬಂದರು. ಅಲ್ಲಲ್ಲಿ ನೂಕಾಟ ನಡೆದು ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಮೇಲೆ, ಈಡೇಲಿನ ಕಡೆಯಿಂದ ಬಂದಿದ್ದ ಶೆಫೀಲ್ಡಿನ ತಂಡ ಇವರನ್ನು ಕೂಡಿಕೊಂಡಿತು. ಸಂತೋಷದಿಂದ ಕೈಕುಲುಕಿ, ಸ್ವಲ್ಪ ಹೊತ್ತು ನಿಂತು, ಎಲ್ಲರೂ ಬಂದ ದಾರಿಯಲ್ಲಿ ಇಳಿದರು. ಬೆಟ್ಟದ ತುತ್ತತುದಿಯನ್ನು ಅವರಾರೂ ಆ ದಿನ ಮುಟ್ಟಲಿಲ್ಲ.

ಹಳ್ಳಿಯಲ್ಲಿ ಪೊಲೀಸರು ಕಾದಿದ್ದರು. ಒಟ್ಟು ಆರು ಮಂದಿಯ ಬಂಧನವಾಯಿತು. ಜುಲೈ ತಿಂಗಳಲ್ಲಿ ಡಾರ್ಬಿ ನಗರದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಅತಿಕ್ರಮ ಪ್ರವೇಶ ಅಪರಾಧವಲ್ಲವಷ್ಟೆ. ಆದುದರಿಂದ ಗಲಭೆ, ಶಾಂತಿಭಂಗ ಮೊದಲಾದ ಆರೋಪಗಳನ್ನು ಹೊರಿಸಲಾಯಿತು. ವಾರವೆಲ್ಲ ಹೊಗೆ ತುಂಬಿದ ಊರುಗಳಲ್ಲಿ ದುಡಿದವರು ಒಂದಿಷ್ಟು ಗಾಳಿಬೆಳಕಿಗಾಗಿ ಹೊರಬಂದರೆ ನಾಡಿನ ಚೆಲುವಾದ ತಾಣಗಳೆಲ್ಲ ತಮಗೆ ಮುಚ್ಚಿವೆಯೆಂದು ರಾತ್‌ಮನ್ ನ್ಯಾಯಾಲಯದಲ್ಲಿ ವಿವರಿಸಿದನು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸ ವಿಧಿಸಲಾಯಿತು. ರಾತ್‌ಮನ್‌ನಿಗೆ ನಾಲ್ಕು ತಿಂಗಳು.

ಈ ಘಟನೆಯನ್ನು ಆಗ ಎಲ್ಲರೂ ಮೆಚ್ಚಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಮಾಲೀಕರೊಡನೆ ಮಾತುಕತೆಯಿಂದ ದಾರಿ ಪಡೆಯಲು ವರ್ಷಗಟ್ಟಲೆ ಶ್ರಮಿಸುತ್ತಿದ್ದ ಹಿರಿಯ ಪಾದವಿಹಾರ ಸಂಘಗಳು, ಈ ದುಡುಕು ತಮ್ಮ ಕೆಲಸವನ್ನು ಕೆಡಿಸಿತೆಂದು ಖಂಡಿಸಿದವು. ಆದರೆ ಸೆರೆವಾಸದ ಸುದ್ದಿ ಹಬ್ಬಿದಂತೆ ಜನರ ಮನಸ್ಸು ತಿರುಗಿತು. ಬೆಟ್ಟದಲ್ಲಿ ನಡೆದುದಕ್ಕೆ ಇಷ್ಟು ಶಿಕ್ಷೆಯೇ ಎಂದು ಹಿಂದೆ ಖಂಡಿಸಿದವರೂ ಕೇಳಿದರು. ಆ ಒಂದು ಭಾನುವಾರದಿಂದಲೇ ಕಾನೂನು ಬದಲಾಯಿತೆಂದು ಹೇಳುವುದು ಉತ್ಪ್ರೇಕ್ಷೆ; ಹಿಂದಿನ ನೂರು ವರ್ಷಗಳ ಅರ್ಜಿ, ದಾವೆ, ಸಭೆಗಳೂ ಅದರ ಹಿಂದಿವೆ. ಅವು ಸಿದ್ಧಪಡಿಸಿದ ಸೌದೆಗೆ ಕಿಡಿ ಬಿದ್ದುದು ಅಂದು ಎನ್ನಬಹುದು.

ಎರಡನೆಯ ಮಹಾಯುದ್ಧ ಮುಗಿದ ಬಳಿಕ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದಿತು. 1951ರಲ್ಲಿ ಬ್ರಿಟನ್ನಿನ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದುದು ಕಿಂಡರನ್ನು ಒಳಗೊಂಡ ಪೀಕ್ ಜಿಲ್ಲೆಯೇ. 1965ರಲ್ಲಿ ಈಡೇಲಿನಿಂದ ಸ್ಕಾಟ್ಲೆಂಡಿನವರೆಗೆ ಸುಮಾರು 430 ಕಿಲೋಮೀಟರ್ ಉದ್ದದ ‘ಪೆನೈನ್ ದಾರಿ’ ಎಂಬ ಕಾಲುದಾರಿ ತೆರೆಯಿತು. ಅದರ ಉದ್ಘಾಟನೆಯ ದಿನವೂ ಏಪ್ರಿಲ್ 24. ಕೊನೆಗೆ 2000ದ ಕಾನೂನಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಬೆಟ್ಟಬಯಲುಗಳಲ್ಲಿ, ದಾರಿಯಿರಲಿ ಇಲ್ಲದಿರಲಿ, ಕಾಲ್ನಡಿಗೆಯಲ್ಲಿ ಸಂಚರಿಸುವ ಹಕ್ಕು ಜನರಿಗೆ ದೊರೆಯಿತು. ಅದಕ್ಕೆ ಕಟ್ಟುಪಾಡುಗಳೂ ಇವೆ. ಹಕ್ಕಿಗಳು ಮರಿ ಮಾಡುವ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಹಗ್ಗ ಹಾಕಿಯೇ ಕರೆದೊಯ್ಯಬೇಕು. ಮಾಲೀಕನು ವರ್ಷದಲ್ಲಿ 28 ದಿನಗಳವರೆಗೆ ಪ್ರವೇಶವನ್ನು ನಿರ್ಬಂಧಿಸಬಹುದು. ಮಾಲೀಕರ ಹಳೆಯ ವಾದದಲ್ಲಿ ನ್ಯಾಯವಾದ ಭಾಗ ಎಷ್ಟಿತ್ತೋ ಅಷ್ಟು ಹೀಗೆ ಉಳಿದುಕೊಂಡಿತು.

1932ರಲ್ಲಿ ಬೆಟ್ಟದ ಒಡೆತನವಿದ್ದುದು ಡೆವನ್‌ಷೈರಿನ ಡ್ಯೂಕ್ ಮನೆತನಕ್ಕೆ. 2002ರ ಏಪ್ರಿಲಿನಲ್ಲಿ, ಎಪ್ಪತ್ತು ವರ್ಷಗಳ ಸ್ಮರಣೆಗಾಗಿ ಜನ ಅದೇ ಕಲ್ಲುಗಣಿಯಲ್ಲಿ ಸೇರಿದ್ದಾಗ, ಅದೇ ಮನೆತನದ ಹನ್ನೊಂದನೆಯ ಡ್ಯೂಕ್ ಬಂದು ತನ್ನ ತಾತನು ಮಾಡಿದುದು ತಪ್ಪೆಂದು ಎಲ್ಲರೆದುರು ಕ್ಷಮೆ ಕೇಳಿದನು. ರಾತ್‌ಮನ್ ಅದನ್ನು ಕೇಳಲು ಇರಲಿಲ್ಲ. ಹೊಸ ಕಾನೂನನ್ನು ಕಣ್ಣಾರೆ ಕಂಡು, ಆ ಸಭೆಗೆ ಮೂರು ತಿಂಗಳ ಮೊದಲು, ತೊಂಬತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಿದ್ದನು.

ಹೇಫೀಲ್ಡಿನ ರೈಲುಮಾರ್ಗ 1970ರಲ್ಲಿ ಮುಚ್ಚಿತು. ಈಡೇಲಿನ ನಿಲ್ದಾಣಕ್ಕೆ ಮಾತ್ರ ಇಂದಿಗೂ ಪಾದವಿಹಾರಿಗಳು ಬಂದಿಳಿಯುತ್ತಾರೆ. ಬೆಟ್ಟ ತೆರೆದ ಮೇಲೆ ಇನ್ನೊಂದು ತೊಂದರೆ ಎದ್ದಿತು. ಹೊಗೆಯಿಂದ ಪಾಚಿ ಸತ್ತು ಮೊದಲೇ ಸಡಿಲವಾಗಿದ್ದ ಪೀಟ್ ಮಣ್ಣು, ಸಾವಿರಾರು ಪಾದಗಳ ತುಳಿತಕ್ಕೆ ಕೆಸರಾಗಿ ಮಳೆಯಲ್ಲಿ ಕೊಚ್ಚಿಹೋಗತೊಡಗಿತು. ಕೆಸರನ್ನು ತಪ್ಪಿಸಲು ಜನ ಪಕ್ಕದಲ್ಲಿ ನಡೆದಂತೆ ದಾರಿ ಅಗಲವಾಗುತ್ತ ಹೋಯಿತು. ಪೆನೈನ್ ದಾರಿಯನ್ನೇ ಈಡೇಲಿನ ಬಳಿ ಜೇಕಬನ ಏಣಿಯ ಕಡೆಗೆ ತಿರುಗಿಸಬೇಕಾಯಿತು. ಈಗ ಬೆಟ್ಟದ ಮೇಲೆ ಹುಲ್ಲು ಬಿತ್ತಿ, ಪಾಚಿಯ ಸಸಿ ನೆಟ್ಟು, ಕೊರಕಲುಗಳಿಗೆ ಚಿಕ್ಕ ಚಿಕ್ಕ ಒಡ್ಡು ಕಟ್ಟಿ ನೀರನ್ನು ತಡೆಯುವ ಕೆಲಸ ನಡೆಯುತ್ತಿದೆ. ಜವುಗಿನಲ್ಲಿ ಕಾಲು ಹೂತುಹೋಗುವೆಡೆ ಅಗಲವಾದ ಚಪ್ಪಡಿಗಳನ್ನು ಹಾಸಿದ್ದಾರೆ. ಅವುಗಳನ್ನು ಹೆಲಿಕಾಪ್ಟರಿನಿಂದ ಎತ್ತಿ ತಂದು ಇಳಿಸಿದರು. ಆ ಚಪ್ಪಡಿಗಳಲ್ಲಿ ಬಹಳಷ್ಟು, ಕೆಲಸ ನಿಂತು ಪಾಳುಬಿದ್ದ ಬಟ್ಟೆಗಿರಣಿಗಳ ನೆಲಕ್ಕೆ ಹಾಸಿದ್ದ ಕಲ್ಲುಗಳು. ಕೆಲವುಗಳಲ್ಲಿ ಯಂತ್ರಗಳನ್ನು ಬಿಗಿದಿದ್ದ ತೂತುಗಳು ಹಾಗೆಯೇ ಉಳಿದು, ಮಳೆ ಬಂದಾಗ ನೀರು ತುಂಬಿ ನಿಲ್ಲುತ್ತವೆ.